ಅಜ್ಜಿಗೊಂದು ಕಾರ್ಡ್ ಕಪಾಟು: ಮನೆಯ ನೆನಪು ಮತ್ತು ಗ್ರಂಥಾಲಯದ ಲೆಕ್ಕ ಸೇರಿಸಿ ಇನ್‌ಸ್ಟಲೇಶನ್ ಕಟ್ಟುವ ಬಗೆ

"ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು." ಆಗಸ್ಟ್ ತಿಂಗಳ ನಡುವಿನಲ್ಲಿ ನಮ್ಮಜ್ಜಿ ದಿನಕ್ಕೊಮ್ಮೆಯಾದರೂ ಈ ಮಾತು ಹೇಳುತ್ತಿದ್ದಳು.

ಇದನ್ನು ಗ್ರಂಥಾಲಯದಲ್ಲಿ ಎಲ್ಲಿ ಇಡುತ್ತೀರಿ? ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಗಾದೆಗಳ ನಂಬರ್ 398.9. ಹವಾಮಾನ ಮುನ್ಸೂಚನೆಗೆ 551.63. ಬೇಸಾಯಕ್ಕೆ 630. ಮಘೆ ಒಂದು ನಕ್ಷತ್ರ ಅಂತ ಹಿಡಿದರೆ ಜ್ಯೋತಿಷ್ಯದ 133.5ಕ್ಕೂ ಹೋಗಬಹುದು. ಒಂದೇ ಮಾತು, ನಾಲ್ಕು ಕಪಾಟು. 398ರಲ್ಲಿ ಇಟ್ಟರೆ ಅಜ್ಜಿ ಗಾದೆ ಹೇಳುವ ಮುದುಕಿ. 551ರಲ್ಲಿ ಇಟ್ಟರೆ ಮಳೆ ಬಲ್ಲವಳು.

ಈ ತಕರಾರನ್ನು ಕಣ್ಣಿಗೆ ಕಾಣುವಂತೆ, ಕೈಯಲ್ಲಿ ತಿರುವುವಂತೆ ಮಾಡುವ ಒಂದು ಇನ್‌ಸ್ಟಲೇಶನ್, ಅಂದರೆ ಒಂದು ಜಾಗದಲ್ಲಿ ಸಾಮಾನು ಜೋಡಿಸಿ ಮಾಡುವ ಕಲಾಕೃತಿ, ಕಟ್ಟೋಣ. ಹಳೇ ಗ್ರಂಥಾಲಯಗಳಲ್ಲಿ ಇರುತ್ತಿದ್ದಂಥ ಸಣ್ಣ ಡ್ರಾಯರುಗಳ ಕಪಾಟು. ಒಳಗೆ ಸುಮಾರು 200 ಕಾರ್ಡು. ಒಂದೊಂದು ಕಾರ್ಡಿನಲ್ಲೂ ನಿಮ್ಮ ಮನೆಯ ಒಂದು ನೆನಪು, ಅದಕ್ಕೊಂದು ನಂಬರು. ಸುತ್ತ ಕೆಲವೇ ಸಾಮಾನು, ಒಂದಿಷ್ಟು ದನಿ. ಗೋಡೆ ತುಂಬಾ ಫೋಟೋ ಅಂಟಿಸಿ "ನೆನಪಿನಂಗಳ" ಅಂತ ಬೋರ್ಡ್ ಹಾಕುವ ಕೆಲಸ ಇದಲ್ಲ. ಅದನ್ನು ಮದುವೆ ಮನೆಯವರು ಚೆನ್ನಾಗಿಯೇ ಮಾಡುತ್ತಾರೆ.

ನಾನು ಕಟ್ಟಿದ್ದು ತಿಪಟೂರು ಕಡೆಯ ನಮ್ಮಜ್ಜಿ ಮನೆಯದ್ದು. ಉದಾಹರಣೆಗಳೆಲ್ಲ ಅಲ್ಲಿಂದಲೇ ಬರುತ್ತವೆ. ಬಿಡುವಿನ ದಿನಗಳಲ್ಲಿ ಮಾಡಿದರೆ ಆರು ತಿಂಗಳು ಬೇಕು. ಅದರಲ್ಲಿ ಮರಗೆಲಸ ಎರಡು ವಾರ, ಉಳಿದದ್ದೆಲ್ಲ ಮಾತು ಕೇಳುವುದು ಮತ್ತು ಕಾರ್ಡು ಬರೆಯುವುದು.

ಹಂತ 1: ಚಿಕ್ಕದನ್ನು ಹಿಡಿಯಿರಿ

"ನಮ್ಮ ಕುಟುಂಬದ ಇತಿಹಾಸ" ಅಂತ ಹೊರಟರೆ ಮೂರನೇ ವಾರಕ್ಕೆ ಕೈಬಿಡುತ್ತೀರಿ. ಒಬ್ಬರು, ಒಂದು ಮನೆ, ಒಂದು ಕೆಲಸ, ಇಷ್ಟು ಸಾಕು. ನಾನು ಹಿಡಿದದ್ದು ಅಟ್ಟ. ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಅಂತ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳುತ್ತಾರೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಆ ಸದ್ದು ಓದೋಕೆ ಬರುತ್ತಿತ್ತು. ಕಪಾಟು ಶುರುವಾಗಿದ್ದು ಅಲ್ಲಿಂದ.

ಚಿಕ್ಕದನ್ನು ಹಿಡಿದು ದೊಡ್ಡದು ಮಾಡಿದವರಲ್ಲಿ ಚೀನಾದ ಕಲಾವಿದ ಸಾಂಗ್ ಡಾಂಗ್ ಅವರನ್ನು ನೆನೆಯಬೇಕು. ಗಂಡ ತೀರಿಕೊಂಡ ಮೇಲೆ ಅವರ ತಾಯಿ ಏನನ್ನೂ ಬಿಸಾಡದೆ ಮನೆ ತುಂಬಿಸಿಕೊಂಡಿದ್ದರು. 2005ರಲ್ಲಿ ಬೀಜಿಂಗ್‌ನಲ್ಲಿ ಮಗ ಆ ಸಾಮಾನನ್ನೆಲ್ಲ ತಾಯಿಯ ಜೊತೆ ಸೇರಿ ನೆಲದ ಮೇಲೆ ಹರಡಿದರು. ಚಪ್ಪಲಿ, ಬಾಟಲಿ, ಸೋಪು, ಟೂತ್‌ಪೇಸ್ಟ್ ಟ್ಯೂಬು, ಒಟ್ಟು ಹತ್ತು ಸಾವಿರಕ್ಕೂ ಜಾಸ್ತಿ. 2009ರಲ್ಲಿ ಅದು ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಪ್ರದರ್ಶನ ಕಂಡಿತು. ಅಲ್ಲಿ ಗಮನಿಸಬೇಕಾದದ್ದು ರಾಶಿಯ ಗಾತ್ರಕ್ಕಿಂತ ಜೋಡಣೆ. ಸೋಪಿನ ಪಕ್ಕ ಸೋಪು, ಚಪ್ಪಲಿಯ ಪಕ್ಕ ಚಪ್ಪಲಿ. ರೇಶನ್ ಕಾಲದಲ್ಲಿ ಸೋಪು ಸಿಗದೆ ಬದುಕಿದವಳ ಭಯ ಆ ಸಾಲಿನಲ್ಲೇ ಕಾಣುತ್ತದೆ.

ಹಂತ 2: ಮಾತು ಕೂಡಿಸುವುದು

ಫೋನಿನ ರೆಕಾರ್ಡರ್ ಸಾಕು. ಒಂದು ಸಲಕ್ಕೆ 40 ನಿಮಿಷ ಮೀರಬೇಡಿ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಇಳಿಸಿದ ಮೇಲೆ ಕೂರಿ. ರೆಕಾರ್ಡ್ ಆದ ದಿನವೇ ಫೈಲಿಗೆ ತಾರೀಖು, ಯಾರ ದನಿ, ಯಾವ ಊರು ಅಂತ ಹೆಸರಿಟ್ಟು ಮೂರು ಕಡೆ ಉಳಿಸಿ. ಫೋನು, ಒಂದು ಹಾರ್ಡ್‌ಡಿಸ್ಕ್, ಮತ್ತೆ ಬೇರೆ ಮನೆಯಲ್ಲಿರುವ ತಮ್ಮನದೋ ತಂಗಿಯದೋ ಕಂಪ್ಯೂಟರು.

"ನಿಮ್ಮ ಹಳೇ ನೆನಪು ಹೇಳಿ" ಅಂದರೆ ಯಾರೂ ಏನೂ ಹೇಳುವುದಿಲ್ಲ. "ಏನಿದೆ ಮಗ ಹೇಳೋಕೆ, ಎಲ್ಲಾ ಕಷ್ಟಾನೇ" ಅಂತ ಮುಗಿಸುತ್ತಾರೆ. ಕೈಗೆ ಸಾಮಾನು ಕೊಟ್ಟು ಕೇಳಿ. ಒಂದು ಪಾವು ಕೊಟ್ಟು "ಇದರಲ್ಲಿ ಏನು ಅಳೀತಿದ್ರಿ?" ಅಂದೆ. ನಮ್ಮ ದೊಡ್ಡಮ್ಮ ಮುಕ್ಕಾಲು ಗಂಟೆ ಮಾತಾಡಿದರು. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ಕೂಲಿಯವರಿಗೆ ಅಳೆಯುವಾಗ ಗೋಪುರ ಬರುವ ಹಾಗೆ ತುಂಬಬೇಕು, ಸಾಲ ಕೊಡುವಾಗ ಕೈಯಾಡಿಸಿ ಸಮ ಮಾಡಬೇಕು ಅನ್ನುವುದು ಅವರ ಅತ್ತೆ ಕಲಿಸಿದ ಪಾಠ. ಈ ಕೊನೆಯ ಮಾತು ಯಾವ ಅಳತೆಯ ಪುಸ್ತಕದಲ್ಲೂ ನನಗೆ ಸಿಗುತ್ತಿರಲಿಲ್ಲ.

ನನಗೆ ಕೆಲಸಕ್ಕೆ ಬಂದ ಇನ್ನು ಕೆಲವು ಪ್ರಶ್ನೆಗಳು: ಇದು ಯಾವ ಮೂಲೆಯಲ್ಲಿ ಇರುತ್ತಿತ್ತು? ಯಾರು ಮುಟ್ಟಬಹುದಿತ್ತು, ಯಾರು ಮುಟ್ಟಬಾರದಿತ್ತು? ನಿಮಗೆ ಯಾರು ಹೇಳಿಕೊಟ್ಟರು? ತಪ್ಪಿದರೆ ಏನಾಗುತ್ತಿತ್ತು? ಸಾಮಾನಿನ ಹೆಸರೇ ಮರೆತಿದ್ದರೆ ಒಮ್ಮೆ ರಾಮನಗರದ ಜಾನಪದ ಲೋಕಕ್ಕೆ ಅವರನ್ನು ಕರೆದುಕೊಂಡು ಹೋಗಿ. ಅಲ್ಲಿನ ಕೃಷಿ ಸಲಕರಣೆ, ಅಡುಗೆ ಪಾತ್ರೆಗಳ ಮುಂದೆ ನಿಂತರೆ ನಾಲಿಗೆ ತಾನಾಗಿ ಸಡಿಲವಾಗುತ್ತದೆ. ರೆಕಾರ್ಡರ್ ಜೇಬಿನಲ್ಲಿರಲಿ. ಆದರೆ ಆನ್ ಆಗಿದೆ ಅಂತ ಮೊದಲೇ ಹೇಳಿ.

ಒಪ್ಪಿಗೆ ಮಾತು ಬಂತು, ಅದನ್ನೂ ಮುಗಿಸಿಬಿಡೋಣ. ನೆನಪು ಹೇಳಿದವರಿಗೆ ಕಾರ್ಡನ್ನು ಓದಿ ತೋರಿಸಬೇಕು. ಬೇಡ ಅಂದರೆ ತೆಗೆಯಬೇಕು. ನಮ್ಮನೆಯಲ್ಲಿ ಒಂದು ಜಮೀನು ಪಾಲಿನ ಜಗಳ ಹಾಗೆ ಹೊರಗೆ ಹೋಯಿತು. ಅದರ ಜಾಗದಲ್ಲಿ ನಂಬರ್ ಮಾತ್ರ ಇರುವ ಖಾಲಿ ಕಾರ್ಡು ಇಟ್ಟೆ. ನೋಡುವವರು ಜಾಸ್ತಿ ಹೊತ್ತು ನಿಲ್ಲುವುದು ಅದರ ಮುಂದೆಯೇ.

ಇನ್ನೊಂದು ವಿಷಯ. ಮನೆಯ ನೆನಪನ್ನು ಮನೆಯವರನ್ನು ಮಾತ್ರ ಕೇಳಿದರೆ ಅರ್ಧ ಸಿಗುತ್ತದೆ. ಆ ಕಾಯಿ ಕೆಡವಿದವರು ಯಾರು? ಅಟ್ಟಕ್ಕೆ ಹೊತ್ತು ಹಾಕಿದವರು ಯಾರು? ಅವರು ಒಳಗೆ ಬರುತ್ತಿದ್ದರಾ, ಜಗಲಿಯಲ್ಲೇ ನಿಲ್ಲುತ್ತಿದ್ದರಾ? ಅವರಿಗೆ ನೀರು ಯಾವ ಲೋಟದಲ್ಲಿ ಕೊಡುತ್ತಿದ್ದರು? ಅವರ ಮನೆಗೂ ಹೋಗಿ ಕೇಳಿ. ನಿಮ್ಮವರು "ಎಲ್ಲಾ ಒಂದೇ ಮನೆಯವರ ಹಾಗೆ ಇದ್ವಿ" ಅಂದ ಜಾಗದಲ್ಲಿ ಅವರು ಬೇರೆಯದೇ ಹೇಳಬಹುದು. ಎರಡೂ ಕಾರ್ಡು ಒಂದರ ಹಿಂದೆ ಒಂದು ನಿಲ್ಲಲಿ.

ಹಂತ 3: ಲೆಕ್ಕದ ಪದ್ಧತಿ ಆರಿಸುವುದು

ಕೃತಿ ಸೋಲುವುದು ಗೆಲ್ಲುವುದು ಈ ಹಂತದಲ್ಲಿ. ನಿಧಾನವಾಗಿ ಹೋಗೋಣ.

ಮೊದಲನೆಯದು ಡ್ಯೂಯಿ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ 44 ಪುಟದ ಸಣ್ಣ ಪುಸ್ತಕವಾಗಿ ಇದನ್ನು ಹೊರತಂದರು. ಜಗತ್ತಿನ ತಿಳಿವಳಿಕೆಯನ್ನೆಲ್ಲ ಹತ್ತು ಭಾಗ ಮಾಡಿ 000ದಿಂದ 999ರವರೆಗೆ ನಂಬರ್ ಕೊಟ್ಟರು. ತತ್ವಶಾಸ್ತ್ರ 100, ಧರ್ಮ 200, ಸಮಾಜ 300, ಭಾಷೆ 400, ವಿಜ್ಞಾನ 500, ಹೀಗೆ. ಅಡುಗೆ 641.5. ತೆಂಗು 634.61. ಮನೆಮದ್ದು 615.88. ವಂಶಾವಳಿ 929. ಕನ್ನಡ ಸಾಹಿತ್ಯ 894.814. ಕನ್ನಡಕ್ಕೆ ಅಷ್ಟುದ್ದ ನಂಬರ್ ಯಾಕೆ ಬಂತು ಅಂತ ಯೋಚಿಸಿ. ಅಮೆರಿಕದ ಸಾಹಿತ್ಯಕ್ಕೆ 810, ಇಂಗ್ಲಿಷಿಗೆ 820, ಅಷ್ಟೇ. ಧರ್ಮದಲ್ಲೂ ಹಾಗೆ. 220ರಿಂದ 280ರವರೆಗೆ ಬೈಬಲ್ ಮತ್ತು ಕ್ರೈಸ್ತ ಧರ್ಮ. ಉಳಿದವರೆಲ್ಲ 290ರ ಒಂದೇ ಕೋಣೆಯಲ್ಲಿ. ಹಿಂದೂ ಧರ್ಮಕ್ಕೆ 294.5. ಅಜ್ಜಿಯ ಊರಮ್ಮನ ಜಾತ್ರೆಗೆ ಪಾಯಿಂಟ್ ಆದ ಮೇಲೆ ಇನ್ನೆಷ್ಟು ಅಂಕೆ ಬೇಕೋ ಲೆಕ್ಕ ಹಾಕಿ. ಪದ್ಧತಿ ಅನ್ನುವುದು ಯಾರೋ ಎಲ್ಲೋ ಕೂತು ನೋಡಿದ ನೋಟ. ನಂಬರಿನ ಉದ್ದದಲ್ಲೇ ಅದು ಗೊತ್ತಾಗುತ್ತದೆ. ಆದ್ದರಿಂದ ಕಾರ್ಡಿನಲ್ಲಿ ನಂಬರನ್ನು ದೊಡ್ಡದಾಗಿ, ಪೂರ್ತಿಯಾಗಿ ಬರೆಯಿರಿ.

ಎರಡನೆಯದು ನಮ್ಮ ಹತ್ತಿರದ್ದು, ಎಸ್.ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣ. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಗ್ರಂಥಪಾಲಕರಾದರು, ಕಲಿಯೋಕೆ ಲಂಡನ್ನಿಗೆ ಹೋದರು. ಅಲ್ಲಿ ಒಂದು ಅಂಗಡಿಯಲ್ಲಿ ಮೆಕಾನೋ ಆಟಿಕೆ ಕಂಡರು. ಅದೇ ಪಟ್ಟಿ, ಅದೇ ನಟ್ಟು ಬೋಲ್ಟು, ಜೋಡಿಸಿದ ಹಾಗೆ ಬೇರೆ ಬೇರೆ ಬೊಂಬೆ. ವಿಷಯಕ್ಕೂ ಹೀಗೇ ಸಿದ್ಧ ಕಪಾಟಿನ ಬದಲು ಬಿಡಿಭಾಗ ಕೊಟ್ಟರೆ ಹೇಗೆ ಅಂತ ಹೊಳೆಯಿತು. 1933ರಲ್ಲಿ ಪದ್ಧತಿ ಅಚ್ಚಾಯಿತು. ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಲ್ಲಿಯೇ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೆಳಗೆ ದಾಖಲೀಕರಣದ ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ.

ಅವರ ಬಿಡಿಭಾಗಗಳು ಐದು: ವ್ಯಕ್ತಿತ್ವ, ದ್ರವ್ಯ, ಕ್ರಿಯೆ, ದೇಶ, ಕಾಲ. ಇಲ್ಲಿ ವ್ಯಕ್ತಿತ್ವ ಅಂದರೆ ವಿಷಯದ ತಿರುಳು, ಮನುಷ್ಯ ಅಂತಲೇ ಅಲ್ಲ. ನಾವು ಸ್ವಲ್ಪ ಸಲುಗೆ ತೆಗೆದುಕೊಂಡು ಮನುಷ್ಯರನ್ನೇ ಕೂರಿಸೋಣ. ಒಂದೊಂದು ಭಾಗಕ್ಕೂ ಮುಂಚೆ ಒಂದೊಂದು ಚಿಹ್ನೆ ಬರುತ್ತದೆ: ಅಲ್ಪವಿರಾಮ, ಅರ್ಧವಿರಾಮ, ಕೋಲನ್, ಚುಕ್ಕಿ, ಮೇಲುಕೊಕ್ಕೆ. ಎಲ್ಲಕ್ಕೂ ಮೊದಲು ಮುಖ್ಯ ವಿಷಯ, ಇಲ್ಲಿ 'ಮನೆ'. ಅಟ್ಟದ ನೆನಪು ಈ ಲೆಕ್ಕದಲ್ಲಿ ಹೀಗಾಯಿತು:

ಮನೆ,ಅಜ್ಜಿ;ತೆಂಗಿನಕಾಯಿ:ಅಲ್ಲಾಡಿಸಿ ಕೇಳುವುದು.ಅಟ್ಟ'ಮಘೆ

ಜೋರಾಗಿ ಓದಿ ನೋಡಿ. ಲೆಕ್ಕವೂ ಹೌದು, ಪದ್ಯದ ಸಾಲೂ ಹೌದು. ಡ್ಯೂಯಿ ನಂಬರ್ ಜೊತೆಗಿದ್ದರೂ ನಾನು ಇದನ್ನೇ ಮುಖ್ಯ ಸಾಲಾಗಿ ಇಟ್ಟುಕೊಂಡದ್ದು ಅದಕ್ಕೇ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಮನೆಗೇ ಒಂದು ಪದ್ಧತಿ ಇರುತ್ತದೆ. ಅಜ್ಜಿಯ ಕಾಲದ ಲೆಕ್ಕ ಜನವರಿ ಫೆಬ್ರವರಿಯಲ್ಲಿ ಇರಲಿಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ಮಳೆ ನಕ್ಷತ್ರಗಳಲ್ಲಿತ್ತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮೇ ಕೊನೆಗೆ, ಆರಿದ್ರಾ ಜೂನ್ 22ರ ಆಸುಪಾಸು, ಮಘೆ ಆಗಸ್ಟ್ 17ರ ಹೊತ್ತಿಗೆ. ಹಾಗಾಗಿ ನನ್ನ ಕಪಾಟಿನ 'ಕಾಲ' ಪೂರ್ತಿ ಮಳೆ ಹೆಸರಿನಲ್ಲಿದೆ. ಮೀನುಗಾರರ ಮನೆಯಾದರೆ ಹುಣ್ಣಿಮೆ ಅಮಾವಾಸ್ಯೆ ಉಬ್ಬರದ ಲೆಕ್ಕ ಇರಬಹುದು. ನೇಕಾರರ ಮನೆಯಲ್ಲಿ ಮಗ್ಗದ ಲೆಕ್ಕ. ರೈಲ್ವೆ ನೌಕರರ ಮನೆಯಲ್ಲಿ ಡ್ಯೂಟಿ ಪಾಳಿ. ಅದನ್ನು ಹುಡುಕಿ ತೆಗೆಯುವುದೇ ನಿಮ್ಮ ಅಸಲಿ ಕೆಲಸ.

'ದೇಶ'ಕ್ಕೂ ಹಾಗೇ. ಪಹಣಿಯ ಸರ್ವೆ ನಂಬರ್ ಸರ್ಕಾರದ ಲೆಕ್ಕ. "ಹುಣಸೇಮರದ ಹೊಲ" ಮನೆಯ ಲೆಕ್ಕ. ಎರಡನ್ನೂ ಬರೆಯಬಹುದು. ಆದರೆ ನಿಜವಾದ ಸರ್ವೆ ನಂಬರನ್ನು ಜನರ ಮುಂದೆ ಇಡಬೇಡಿ, ಕೊನೆಯ ಅಂಕೆ ಮುಚ್ಚಿ.

ನಂಟಿನ ಪದಗಳಲ್ಲಿ ಒಂದು ತೊಡಕಿದೆ. ನನಗೆ ಅಜ್ಜಿ, ಅಪ್ಪನಿಗೆ ಅಮ್ಮ, ಚಿಕ್ಕಜ್ಜನಿಗೆ ಅತ್ತಿಗೆ. 'ಅತ್ತೆ' ಅಂತೂ ಕೇಳಲೇ ಬೇಡಿ. ಅಪ್ಪನ ತಂಗಿ, ಸೋದರಮಾವನ ಹೆಂಡತಿ, ಗಂಡನ ತಾಯಿ, ಮೂವರೂ ಅತ್ತೆಯೇ. ಆದ್ದರಿಂದ ಯಾರು ಹೇಳುತ್ತಿದ್ದಾರೆ ಅನ್ನುವುದು ಪ್ರತಿ ಕಾರ್ಡಿನಲ್ಲೂ ಇರಲೇಬೇಕು. ಹೇಳಿದವರ ಬಾಯಿಯ ನಂಟನ್ನೇ ಉಳಿಸಿ, ನಿಮ್ಮದಕ್ಕೆ ತಿದ್ದಬೇಡಿ.

ಹಂತ 4: ಕಾರ್ಡು ಬರೆಯುವುದು

ಗ್ರಂಥಾಲಯದ ಕಾರ್ಡಿನ ಅಳತೆ 12.5 ಸೆಂ.ಮೀ. ಅಗಲ, 7.5 ಸೆಂ.ಮೀ. ಎತ್ತರ. 300 ಜಿಎಸ್‌ಎಂ ಕಾರ್ಡ್ ಶೀಟ್ ತನ್ನಿ. ಹೊಳಪಿನದು ಬೇಡ, ಶಾಯಿ ಹರಡುತ್ತದೆ. ಕತ್ತರಿಸುವುದನ್ನು ಬೈಂಡಿಂಗ್ ಅಂಗಡಿಯಲ್ಲಿ ಮಾಡಿಸಿ, ಕೈಯಲ್ಲಿ ಕತ್ತರಿಸಿದರೆ ಡ್ರಾಯರಿನಲ್ಲಿ ಏಣುಗೋಣು ಕಾಣುತ್ತದೆ. ಕೆಳ ಅಂಚಿನ ನಡುವೆ, ಅರ್ಧ ಸೆಂಟಿಮೀಟರ್ ಬಿಟ್ಟು, 8 ಮಿ.ಮೀ. ತೂತು. ಇದರಲ್ಲಿ ಸರಳು ಹೋಗುತ್ತದೆ.

ಕಾರ್ಡಿನ ಎಡ ಮೇಲ್ಮೂಲೆಯಲ್ಲಿ ಡ್ಯೂಯಿ ನಂಬರ್. ಅದರ ಪಕ್ಕ ಐದು ಭಾಗದ ಸಾಲು. ಕೆಳಗೆ ನೆನಪು, ಐದು ವಾಕ್ಯ ಮೀರದಂತೆ. ಕೊನೆಗೆ ಹೇಳಿದವರ ನಂಟು ಮತ್ತು 'ಇದನ್ನೂ ನೋಡಿ' ಸೂಚನೆ, ಅದರ ಮಾತು ಮುಂದಿನ ಹಂತದಲ್ಲಿ. ನನ್ನ ಒಂದು ಕಾರ್ಡು:

615.88
ಮನೆ,ದೊಡ್ಡಮ್ಮ;ಬಜೆ:ತೇಯುವುದು.ಹಿತ್ತಿಲ ಬಾಗಿಲು'ಪುಷ್ಯ
ಮಗುವಿಗೆ ಹೊಟ್ಟೆ ಉಬ್ಬರ ಬಂದರೆ ಬಜೆ ಬೇರು ತೇಯ್ದು ನಾಲಿಗೆಗೆ ಮುಟ್ಟಿಸುತ್ತಿದ್ದರು. ಎಷ್ಟು ಸುತ್ತು ತೇಯಬೇಕು ಅಂತ ಕೇಳಿದೆ. "ಮಗು ಎರಡು ಸಲ ಅಳೋ ಅಷ್ಟು ಹೊತ್ತು" ಅಂದರು.
ಹೇಳಿದವರು: ದೊಡ್ಡಮ್ಮ. ಇದನ್ನೂ ನೋಡಿ: ಅಳತೆ.

ಮದ್ದಿನ ಕಾರ್ಡು ಇಟ್ಟರೆ, ಇದು ನೆನಪು, ಔಷಧದ ಸಲಹೆ ಅಲ್ಲ ಅಂತ ಡ್ರಾಯರಿನ ಮೇಲೆ ಒಂದು ಸಾಲು ಬರೆಯಿರಿ. ಯಾರಾದರೂ ಮನೆಗೆ ಹೋಗಿ ಕೂಸಿಗೆ ಪ್ರಯೋಗ ಮಾಡುವುದು ಬೇಡ.

ಕೈಬರಹವೇ ಚೆಂದ. ಹೇಳಿದವರಿಗೆ ಬರೆಯೋಕೆ ಬಂದರೆ ಅವರ ಕೈಯಲ್ಲೇ ಬರೆಸಿ. ಇಲ್ಲದಿದ್ದರೆ ಮೊಮ್ಮಕ್ಕಳು ಬರೆಯಲಿ, ತಪ್ಪು ಕಾಗುಣಿತವೂ ಇರಲಿ. ನಾನು ಮೊದಲ ಸಲ ಜಾಣತನ ಮಾಡಿ ಅಚ್ಚು ಹಾಕಿಸೋಕೆ ಕೊಟ್ಟೆ. ನನ್ನ ಫೈಲು ಯೂನಿಕೋಡಿನಲ್ಲಿತ್ತು, ಅಂಗಡಿಯವರ ಸಾಫ್ಟ್‌ವೇರ್ ಹಳೇ ಕಾಲದ್ದು. ಅವರು ಫಾಂಟ್ ಬದಲಿಸಿದರು. ಒತ್ತಕ್ಷರಗಳೆಲ್ಲ ಕಿತ್ತುಹೋಗಿ 'ಅಜ್ಜಿ' ಅಜಿಯಾದಳು, 'ಅಟ್ಟ' ಅಟವಾಯಿತು. 140 ಕಾರ್ಡು ರದ್ದಿಗೆ ಹೋಯಿತು. ಅಚ್ಚೇ ಬೇಕು ಅಂದರೆ ಪಿಡಿಎಫ್ ಕೊಡಿ, ಒಂದು ಹಾಳೆ ತೆಗೆಸಿ ಓದಿ ನೋಡಿ, ಆಮೇಲೆ ಉಳಿದದ್ದು.

ಹಂತ 5: 'ನೋಡಿ' ಮತ್ತು 'ಇದನ್ನೂ ನೋಡಿ'

ಹಳೇ ಕ್ಯಾಟಲಾಗುಗಳಲ್ಲಿ ಎರಡು ಬಗೆಯ ಸೂಚನಾ ಕಾರ್ಡು ಇರುತ್ತಿದ್ದವು. 'ಇದನ್ನೂ ನೋಡಿ' ಅಂದರೆ ಸಂಬಂಧಪಟ್ಟ ಇನ್ನೊಂದು ಜಾಗ. 'ನೋಡಿ' ಅಂದರೆ ಈ ಹೆಸರಿನಲ್ಲಿ ಇಲ್ಲಿ ಏನೂ ಇಲ್ಲ, ಬೇರೆ ಹೆಸರಿನಲ್ಲಿ ಹುಡುಕಿ ಅಂತ.

ನಮ್ಮಜ್ಜಿಗೆ ಮದುವೆಯಲ್ಲಿ ಹೆಸರು ಬದಲಾಗಿತ್ತು. ಮನೆಯ ವಂಶವೃಕ್ಷದಲ್ಲಿ ತವರಿನ ಹೆಸರು ಇರಲೇ ಇಲ್ಲ. ಅವಳ ಅತ್ತೆಯದಂತೂ ಯಾವ ಹೆಸರೂ ಇಲ್ಲ, ಒಂದು ಗೆರೆ ಮಾತ್ರ. ಕಪಾಟಿನಲ್ಲಿ ನಾನು ತಿರುವು ಮುರುವು ಮಾಡಿದೆ. ಅಜ್ಜಿಯ ಕಾರ್ಡುಗಳೆಲ್ಲ ತವರಿನ ಹೆಸರಿನ ಕೆಳಗೆ ಬಂದವು. ಊರಿಗೆಲ್ಲ ಗೊತ್ತಿದ್ದ ಹೆಸರನ್ನು ಹುಡುಕಿದರೆ ಒಂದೇ ಒಂದು ಕಾರ್ಡು, ಅದರಲ್ಲಿ 'ನೋಡಿ' ಅನ್ನುವ ಸೂಚನೆ. ಅದು ನೋಡಿದ ಸೋದರತ್ತೆ ಸುಮ್ನೆ ನಿಂತುಬಿಟ್ಟರು. ಆಮೇಲೆ ಪೆನ್ನು ಕೇಳಿ, ತಮ್ಮ ಹಳೇ ಹೆಸರಿಗೂ ಒಂದು ಕಾರ್ಡು ಬರೆದರು.

ಮಘೆ ಮಳೆ ಮಾತಿನಂಥ ತಕರಾರಿನ ನೆನಪಿಗೆ ಎಷ್ಟು ನಂಬರ್ ಹೊಂದುತ್ತದೋ ಅಷ್ಟು ಕಾರ್ಡು ಮಾಡಿ, ಎಲ್ಲ ಡ್ರಾಯರಿನಲ್ಲೂ ಇಡಿ. ನಾಲ್ಕರಲ್ಲೂ ಮಾತು ಒಂದೇ, 'ಇದನ್ನೂ ನೋಡಿ' ಮಾತ್ರ ಬೇರೆ. ಹುಡುಕುವವರು ಒಂದರಿಂದ ಒಂದಕ್ಕೆ ಅಲೆಯಲಿ. ಒಟ್ಟು ಕಾರ್ಡುಗಳಲ್ಲಿ ಐದರಲ್ಲೊಂದು ಭಾಗ ಸೂಚನಾ ಕಾರ್ಡು ಇದ್ದರೆ ಹದ. ಇನ್ನೂ ಜಾಸ್ತಿಯಾದರೆ ಜನ ಬೇಸತ್ತು ಹೋಗುತ್ತಾರೆ.

ಕಾರ್ಡುಗಳ ಕ್ರಮ ಕುದುರುವ ತನಕ ಡ್ರಾಯರಿಗೆ ಹಾಕಬೇಡಿ. ಗೋಡೆಗೆ ಕಪ್ಪು ಬಟ್ಟೆ ಕಟ್ಟಿ ಗುಂಡುಪಿನ್ನಿನಲ್ಲಿ ಚುಚ್ಚಿ, ದಿನಾ ಜಾಗ ಬದಲಿಸಿ ನೋಡಿ. ಹ್ಯಾಂಬರ್ಗಿನ ವಿದ್ವಾಂಸ ಆಬಿ ವಾರ್‌ಬರ್ಗ್ 1920ರ ದಶಕದಲ್ಲಿ ಕಪ್ಪು ಬಟ್ಟೆಯ ಹಲಗೆಗಳ ಮೇಲೆ ಹಳೇ ಚಿತ್ರಗಳನ್ನೂ ಪತ್ರಿಕೆ ಚೂರುಗಳನ್ನೂ ಹೀಗೆ ಚುಚ್ಚಿ ಚುಚ್ಚಿ ಬದಲಿಸುತ್ತಿದ್ದರು. 1929ರಲ್ಲಿ ತೀರಿಕೊಂಡಾಗಲೂ ಅದು ಮುಗಿದಿರಲಿಲ್ಲ, ಕೊನೆಯ ರೂಪದಲ್ಲಿ 63 ಹಲಗೆ ಇದ್ದವು. ನೀವು ಮಾತ್ರ ಒಂದು ತಾರೀಖು ಹಾಕಿಕೊಳ್ಳಿ.

ಹಂತ 6: ಕಪಾಟು

ಕಾಲೇಜು ಗ್ರಂಥಾಲಯಗಳು ಕಂಪ್ಯೂಟರಿಗೆ ಹೋದ ಮೇಲೆ ಕಾರ್ಡ್ ಕಪಾಟುಗಳು ಮೂಲೆ ಸೇರಿವೆ. ಜಗತ್ತಿನ ಗ್ರಂಥಾಲಯಗಳಿಗೆ ಕಾರ್ಡು ಅಚ್ಚು ಹಾಕಿ ಕಳಿಸುತ್ತಿದ್ದ ಅಮೆರಿಕದ ಓಸಿಎಲ್‌ಸಿ ಸಂಸ್ಥೆಯೇ 2015ರ ಅಕ್ಟೋಬರಿನಲ್ಲಿ ಕೊನೆಯ ಕಂತು ಅಚ್ಚು ಹಾಕಿ ನಿಲ್ಲಿಸಿತು. ಹಳೇ ಪೀಠೋಪಕರಣದ ಅಂಗಡಿ, ಕಾಲೇಜುಗಳ ಹರಾಜು, ಎರಡೂ ಕಡೆ ವಿಚಾರಿಸಿ. ಸಿಕ್ಕಿದರೆ ಗೆದ್ದಲು ನೋಡಿ ತನ್ನಿ. ತಟ್ಟಿದಾಗ ಪೊಳ್ಳು ಸದ್ದು ಬಂದರೆ ಬೇಡ.

ಸಿಗದಿದ್ದರೆ ಬಡಗಿಯ ಹತ್ತಿರ ಮಾಡಿಸಿ. ಡ್ರಾಯರಿನ ಒಳ ಅಗಲ 13.2 ಸೆಂ.ಮೀ., ಒಳ ಎತ್ತರ 9.5, ಉದ್ದ 40. ಬದಿಗಳಿಗೆ 12 ಮಿ.ಮೀ. ಪ್ಲೈವುಡ್, ಮುಖಕ್ಕೆ ಮರ. ಮುಂದಿನಿಂದ ಹಿಂದಿನವರೆಗೆ 6 ಮಿ.ಮೀ. ಹಿತ್ತಾಳೆ ಸರಳು, ಮುಂದೆ ತಿರುಪು. ಕಾರ್ಡು ಯಾರೂ ಎತ್ತಿಕೊಂಡು ಹೋಗದ ಹಾಗೆ ಇದು ತಡೆಯುತ್ತದೆ. ಡ್ರಾಯರನ್ನು ಪೂರ್ತಿ ಹೊರಗೆಳೆದು ಕೆಳಗೆ ಬೀಳಿಸದಂತೆ ಹಿಂದೆ ಒಂದು ತಡೆಕಟ್ಟು ಇರಬೇಕು. ಮಕ್ಕಳು ಬರುತ್ತಾರೆ, ಎಳೆದೇ ಎಳೆಯುತ್ತಾರೆ.

100 ಕಾರ್ಡಿಗೆ ಸುಮಾರು 4 ಸೆಂ.ಮೀ. ದಪ್ಪ ಬರುತ್ತದೆ. ಹಾಗಾದರೆ 200 ಕಾರ್ಡಿಗೆ ಒಂದೇ ಡ್ರಾಯರು ಸಾಕಲ್ವಾ? ಸಾಕು. ಆದರೂ ಹನ್ನೆರಡು ಮಾಡಿಸಿ. ಒಂದರಲ್ಲಿ ಹದಿನೈದೋ ಇಪ್ಪತ್ತೋ ಕಾರ್ಡು, ಹಿಂದೆ ಆತುಕೊಳ್ಳೋಕೆ ಮರದ ಅಡ್ಡೆ, ಉಳಿದ ಜಾಗ ಖಾಲಿ. ಎಳೆದಾಗ ಆ ಖಾಲಿ ಜಾಗ ಕಾಣಬೇಕು. ಗ್ರಂಥಾಲಯ ಬೆಳೆಯುವ ಜೀವಿ ಅನ್ನುವುದು ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಕೊನೆಯದು. ಬೆಳೆಯೋಕೆ ಜಾಗ ಬೇಡವೇ.

ಡ್ರಾಯರಿನ ಮುಖದ ಹಿತ್ತಾಳೆ ಚೌಕಟ್ಟಿನಲ್ಲಿ ಎರಡು ಚೀಟಿ ಹಾಕಿ. ಮೇಲೆ ಡ್ಯೂಯಿ ನಂಬರ್, ಕೆಳಗೆ ಮನೆಯ ಮಾತು. "551.63 / ಮೋಡದ ಬಣ್ಣ". "641.5 / ಒಲೆ ಮುಂದೆ". "929 / ನಮ್ಮೋರು, ನಮ್ಮೋರಲ್ಲದೋರು".

ಹಂತ 7: ಜಾಗ, ಬೆಳಕು, ಸಾಮಾನು, ದನಿ

ಮೊದಲ ಪ್ರದರ್ಶನ ಊರಿನಲ್ಲೇ ಆಗಲಿ. ತಾಲೂಕು ಗ್ರಂಥಾಲಯದ ಓದುವ ಕೋಣೆ, ಶಾಲೆಯ ಒಂದು ರೂಮು, ಇಲ್ಲವೇ ಅದೇ ಮನೆಯ ಪಡಸಾಲೆ. ಬೆಂಗಳೂರಿನ ಗ್ಯಾಲರಿ ಆಮೇಲೆ. ಊರಿನವರು ತಪ್ಪು ಹಿಡಿಯುತ್ತಾರೆ, ಆ ತಪ್ಪುಗಳು ನಿಮಗೆ ಬೇಕು.

ಕಪಾಟಿನ ಕೆಳಸಾಲು ನೆಲದಿಂದ 75 ಸೆಂ.ಮೀ., ಮೇಲ್ಸಾಲು 110 ಮೀರದಂತೆ ಇರಲಿ. ಮುಂದೆ ಒಂದು ಬೆಂಚು. ವಯಸ್ಸಾದವರು ಕೂತು ಓದಬೇಕು, ಗಾಲಿಕುರ್ಚಿಯವರಿಗೂ ಎಟುಕಬೇಕು.

ಹಳೇ ಫೋಟೋ, ಪತ್ರ, ಸೀರೆ ಇಟ್ಟರೆ ಬೆಳಕು 50 ಲಕ್ಸ್ ಆಸುಪಾಸಿನಲ್ಲಿರಬೇಕು. ಸಂಗ್ರಹಾಲಯಗಳು ಪಾಲಿಸುವ ಮಟ್ಟ ಅದು. ಫೋನಿನ ಲಕ್ಸ್ ಮೀಟರ್ ಆ್ಯಪ್ ಅಂದಾಜಿಗೆ ಸಾಕು. ಕಿಟಕಿ ಬಿಸಿಲು ಬೀಳಲೇಬಾರದು. ನನ್ನ ಸಲಹೆ ಕೇಳಿದರೆ ಅಸಲು ಫೋಟೋ ಇಡಲೇಬೇಡಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಪ್ರತಿ ಇಡಿ. ಅಸಲಿಗೆ ಲ್ಯಾಮಿನೇಶನ್, ಸೆಲ್ಲೋಟೇಪು ಎರಡೂ ಬೇಡ. ಟೇಪಿನ ಅಂಟು ವರ್ಷಗಳ ಮೇಲೆ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ, ಮತ್ತೆ ಬಿಡಿಸೋಕೆ ಆಗುವುದಿಲ್ಲ.

ಸಾಮಾನು ಐದಕ್ಕಿಂತ ಹೆಚ್ಚು ಬೇಡ. ನಾನು ಇಟ್ಟದ್ದು ಪಾವು, ಬಜೆ ತೇಯುವ ಕಲ್ಲು, ಅಟ್ಟದ ಏಣಿ, ಎರಡು ತೆಂಗಿನಕಾಯಿ. ಒಂದು ಹಸಿ, ಒಂದು ಹನ್ನೊಂದು ತಿಂಗಳದ್ದು. "ಎರಡನ್ನೂ ಅಲ್ಲಾಡಿಸಿ, ಯಾವುದು ಕೊಬ್ಬರಿ ಹೇಳಿ" ಅಂತ ಚೀಟಿ. ಹಸಿಯದರಲ್ಲಿ ನೀರು ಕುಲುಕುತ್ತದೆ, ಇನ್ನೊಂದರಲ್ಲಿ ಗಟ್ಟಿ ಉಂಡೆ ಚಿಪ್ಪಿಗೆ ಬಡಿಯುತ್ತದೆ. ಇಡೀ ಪ್ರದರ್ಶನದಲ್ಲಿ ಜನರಿಗೆ ಜಾಸ್ತಿ ಇಷ್ಟವಾದದ್ದು ಈ ಎರಡು ಕಾಯಿ. ಕಪಾಟಿಗೆ ಆರು ತಿಂಗಳು ಬೆವರು ಸುರಿಸಿದವನಿಗೆ ಸ್ವಲ್ಪ ಹೊಟ್ಟೆಯುರಿ ಆಯಿತು, ಸುಳ್ಳು ಹೇಳುವುದಿಲ್ಲ.

ದನಿಗೆ ಸುಲಭದ ದಾರಿ ಹಳೇ ಫೋನು ಮತ್ತು ಒಂದು ಹೆಡ್‌ಫೋನು. ಡ್ರಾಯರು ತೆಗೆದಾಗ ಮಾತ್ರ ದನಿ ಬರಬೇಕು ಅಂದರೆ ಒಂದು ರೀಡ್ ಸ್ವಿಚ್ (ಅಯಸ್ಕಾಂತದಿಂದ ಕೆಲಸ ಮಾಡುವ ಸ್ವಿಚ್), ಅಯಸ್ಕಾಂತ, ಎಂಪಿ3 ಮಾಡ್ಯೂಲ್, ಅದನ್ನು ಓಡಿಸೋಕೆ ಒಂದು ಆರ್ಡುಯಿನೋ (ಪುಟ್ಟ ಕಂಪ್ಯೂಟರ್ ಬೋರ್ಡು), ಪುಟ್ಟ ಸ್ಪೀಕರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. ಹನ್ನೆರಡು ಡ್ರಾಯರಿಗೂ ದನಿ ಬೇಡ, ಎರಡಕ್ಕೆ ಸಾಕು. ಒಂದರಲ್ಲಿ ಮಾತು, ಇನ್ನೊಂದರಲ್ಲಿ ಬರೀ ಅಟ್ಟದ ಸದ್ದು. ಕರೆಂಟು ಹೋದರೆ ಕೃತಿ ಸತ್ತುಹೋಗಬಾರದು, ಪವರ್ ಬ್ಯಾಂಕ್ ಇಡಿ.

ಹಂತ 8: ಜನ ಬಂದ ಮೇಲೆ

ಬೆಂಚಿನ ಪಕ್ಕ ಖಾಲಿ ಕಾರ್ಡು, ದಾರ ಕಟ್ಟಿದ ಪೆನ್ಸಿಲು ಇಡಿ. ಶಾಯಿ ಪೆನ್ನು ಬೇಡ. ಬಂದವರು ತಮ್ಮ ನೆನಪು ಬರೆಯಲಿ, ತಿದ್ದಲಿ. "ಮಘೆ ಮಳೆ ಕಾರ್ಡು 398ರಲ್ಲಿ ಯಾಕಿದೆ?" ಅಂತ ಒಬ್ಬ ರೈತರು ನನ್ನ ಜೊತೆ ಜಗಳಕ್ಕೇ ನಿಂತರು. ನಾಲ್ಕು ಕಡೆಯೂ ಇದೆ ಅಂದೆ. "ನಾಲ್ಕು ಕಡೆ ಯಾಕಿರಬೇಕು, ಬೇಸಾಯದಲ್ಲಿ ಇದ್ರೆ ಸಾಕು" ಅಂತ ಮಿಕ್ಕ ಮೂರನ್ನೂ ತೆಗೆಸಿದರು. ಒಂದು ದಿನ ಹಾಗೇ ಬಿಟ್ಟೆ. ಮಾರನೇ ದಿನ ಬಂದ ಜ್ಯೋತಿಷಿಯೊಬ್ಬರು 133.5ರಲ್ಲಿ ಹುಡುಕಿ, ಇಲ್ಲ ಅಂತ ತಾವೇ ಒಂದು ಬರೆದು ಹಾಕಿದರು. ಎರಡೂ ಕಾರ್ಡು ಇನ್ನೂ ಇವೆ.

ದಿನಾ ಸಂಜೆ ಹೊಸ ಕಾರ್ಡುಗಳನ್ನು ಓದಿ. ಬೈಗುಳ, ಇನ್ನೊಬ್ಬರ ಗುಟ್ಟು, ಫೋನ್ ನಂಬರ್ ಇದ್ದರೆ ತೆಗೆಯಿರಿ. ಉಳಿದದ್ದಕ್ಕೆ ನಂಬರ್ ಕೊಟ್ಟು ಸರಳಿಗೆ ಪೋಣಿಸಿ.

ಮುಗಿದ ಮೇಲೆ ಕಾರ್ಡುಗಳ ಫೋಟೋ ತೆಗೆದು, ಪ್ರತಿ ಡ್ರಾಯರಿಗೂ ಒಂದು ತುಂಡು ಬಜೆ ಬೇರು ಹಾಕಿ. ಓಲೆಗರಿ ಕಟ್ಟುಗಳಿಗೆ ಹುಳ ಬರದಿರಲಿ ಅಂತ ಹಿರಿಯರು ಇಡುತ್ತಿದ್ದದ್ದು ಅದನ್ನೇ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಗಾಳಿಯಾಡಿಸಿ. ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಥಂಡಿ ಹಿಡಿಯುತ್ತದೆ. ಸಾಗಿಸುವ ಮುಂಚೆ ಡ್ರಾಯರುಗಳ ಹಿಂಬದಿಗೂ ಅವುಗಳ ಖಾನೆಗೂ ಪೆನ್ಸಿಲ್ಲಿನಲ್ಲಿ ಒಂದೇ ನಂಬರ್ ಹಾಕಿ. ನೋಡೋಕೆ ಎಲ್ಲಾ ಒಂದೇ ಥರ ಇರುತ್ತವೆ, ಆದರೆ ಬಡಗಿ ಮಾಡಿದ ಡ್ರಾಯರು ತನ್ನ ಖಾನೆ ಬಿಟ್ಟು ಇನ್ನೊಂದಕ್ಕೆ ಹೋಗುವುದಿಲ್ಲ.